ಹಿರಿಯ ಕಂಟ್ರೋಲ್ಸ್ ಎಂಜಿನಿಯರ್‌ಗೆ ಪ್ರೋಗ್ರಾಮ್ ಬರೆಯಲು ಬಂದರೆ ಸಾಕೆ?

ಪ್ರಶ್ನೆ: ಗೋಕುಲ ರಸ್ತೆಯ ಪ್ಯಾನೆಲ್ ತಯಾರಿಕಾ ಘಟಕವೊಂದರಲ್ಲಿ ಹಲವು ವರ್ಷಗಳಿಂದ ಪಿಎಲ್‌ಸಿ (ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿಯೊಂದು ಹಿರಿಯ ಕಂಟ್ರೋಲ್ಸ್ ಎಂಜಿನಿಯರ್ ಹುದ್ದೆಯ ಸಂದರ್ಶನಕ್ಕೆ ಕರೆದಿದೆ. ಇನ್ನೂ ಒಂದೆರಡು ಬ್ರ್ಯಾಂಡ್‌ಗಳ ಪಿಎಲ್‌ಸಿ ಕಲಿತುಕೊಂಡು ಹೋಗಬೇಕೆ?
- ಓದುಗ, ಹುಬ್ಬಳ್ಳಿ

ಉತ್ತರ: ಬ್ರ್ಯಾಂಡ್‌ಗಳ ಚಿಂತೆ ಬಿಡಿ, ಒಂದನ್ನು ಚೆನ್ನಾಗಿ ಬಲ್ಲವರಿಗೆ ಇನ್ನೊಂದು ಕೈಗೆ ಹತ್ತಲು ಬಹಳ ದಿನ ಬೇಕಾಗುವುದಿಲ್ಲ. ಎಲ್ಲವೂ ಸರಿಯಾಗಿರುವಾಗ ಯಂತ್ರ ಹೇಗೆ ಓಡಬೇಕೆಂಬುದನ್ನು ನೀವು ಈಗಾಗಲೇ ಬರೆಯುತ್ತಿದ್ದೀರಿ. ಏನಾದರೂ ಕೆಟ್ಟಾಗ ಅದು ಹೇಗೆ ವರ್ತಿಸಬೇಕೆಂದು ಮೊದಲೇ ನಿರ್ಧರಿಸಿ, ಬರಹಕ್ಕಿಳಿಸಿ, ಗ್ರಾಹಕರ ಒಪ್ಪಿಗೆ ಪಡೆಯುವ ಹೊಣೆ ಹಿರಿಯ ಎಂಜಿನಿಯರ್‌ದು.

ನೀರಿನ ಟ್ಯಾಂಕ್ ಒಂದನ್ನೇ ತೆಗೆದುಕೊಳ್ಳಿ. ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ ಟ್ಯಾಂಕ್ ಖಾಲಿಯಿದ್ದರೆ 4, ಅರ್ಧ ತುಂಬಿದ್ದರೆ 12, ಪೂರ್ತಿ ತುಂಬಿದ್ದರೆ 20 ಮಿಲಿಆಂಪಿಯರ್ ಕಳಿಸುತ್ತದೆ. ವೈರ್ ಕಿತ್ತರೆ ಕರೆಂಟ್ ಸೊನ್ನೆಗೆ ಇಳಿಯುವುದರಿಂದ ಖಾಲಿ ಟ್ಯಾಂಕಿಗೂ ಕಿತ್ತ ವೈರಿಗೂ ಇರುವ ವ್ಯತ್ಯಾಸ ತಿಳಿಯಲೆಂದೇ ಈ ಏರ್ಪಾಡು. ಪ್ರೋಗ್ರಾಮ್ ಅದನ್ನು ಗಮನಿಸದಿದ್ದರೆ, ಇಲಿ ಕಡಿದ ವೈರನ್ನು ಖಾಲಿ ಟ್ಯಾಂಕೆಂದೇ ಓದಿ, ನೀರು ಉಕ್ಕಿ ಹರಿದರೂ ಪಂಪನ್ನು ಓಡಿಸುತ್ತಲೇ ಇರುತ್ತದೆ. ಕರೆಂಟ್ 3.6 ಮಿಲಿಆಂಪಿಯರ್‌ಗಿಂತ ಕೆಳಗಿಳಿದರೆ ದೋಷವೆಂದು ಎಣಿಸುವುದು ರೂಢಿ. ಆದರೆ ದೋಷ ಗೊತ್ತಾದ ಮೇಲೆ ಮಾಡುವುದೇನು? ಟ್ಯಾಂಕ್ ತುಂಬಿಸುವ ಪಂಪನ್ನು ನಿಲ್ಲಿಸಿ ಅಲಾರಂ ಕೊಟ್ಟರಾಯಿತು; ಬಾಯ್ಲರಿಗೆ ನೀರುಣಿಸುವ ಪಂಪನ್ನು ಬೆಂಕಿ ಆರಿಸದೆ ನಿಲ್ಲಿಸಿದರೆ ಒಳಗಿನ ಕೊಳವೆಗಳೇ ಸುಟ್ಟುಹೋದಾವು. ಇದಕ್ಕೆ ಪಿಎಲ್‌ಸಿ ಮ್ಯಾನ್ಯುಯಲ್‌ನಲ್ಲಿ ಉತ್ತರವಿಲ್ಲ. ಬಾಯ್ಲರ್ ನಡೆಸುವವರೊಂದಿಗೆ ಕುಳಿತೇ ತೀರ್ಮಾನಿಸಬೇಕು.

ಎಮರ್ಜೆನ್ಸಿ ಸ್ಟಾಪ್ ಗುಂಡಿಯನ್ನು ಬಿಡಿಸಿದೊಡನೆ ಯಂತ್ರ ತಾನಾಗಿ ಓಡಕೂಡದು. ಸ್ಟಾರ್ಟ್ ಒತ್ತಿದ ಮೇಲಷ್ಟೇ ಓಡಬೇಕು. ಕರೆಂಟ್ ಹೋಗಿ ಬಂದಾಗ ಏನಾಗಬೇಕೆಂಬುದನ್ನೂ ಬರೆದಿಡಿ (ನಮ್ಮ ಕಡೆ ಈ ಪರೀಕ್ಷೆಗೆ ಬಹಳ ದಿನ ಕಾಯಬೇಕಿಲ್ಲ).

ಕಮಿಷನಿಂಗ್ ವೇಳೆ, ಅಂದರೆ ಯಂತ್ರವನ್ನು ಮೊದಲ ಬಾರಿಗೆ ಚಾಲನೆಗೆ ತರುವಾಗ, ಉತ್ಪಾದನಾ ವಿಭಾಗದವರು, "ಸದ್ಯಕ್ಕ ಆ ಸೆನ್ಸರ್ ಬೈಪಾಸ್ ಮಾಡ್ರಿ ಸರ, ಆಮ್ಯಾಲ ನೋಡೋಣು" ಎನ್ನುತ್ತಾರೆ; ಸೆನ್ಸರ್ ಹೇಳುವುದನ್ನು ಲೆಕ್ಕಿಸದೆ ಯಂತ್ರ ಓಡಿಸಿ ಎಂದರ್ಥ. ಹುದ್ದೆಯ ನಿಜವಾದ ಕಷ್ಟವಿರುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಕಾರ್ಮಿಕರ ಕೈ ಕಾಯುವ ಗಾರ್ಡ್ ಸ್ವಿಚ್ ಆದರೆ ಖಡಾಖಂಡಿತವಾಗಿ ಇಲ್ಲವೆನ್ನಿ. ಉಳಿದವುಗಳಿಗೆ ಯಾರು ಕೇಳಿದರು, ಯಾವ ದಿನ ತೆಗೆಯಬೇಕು ಎಂದು ಬರೆದು ಸಹಿ ಪಡೆಯಿರಿ.

ಸಂದರ್ಶನಕ್ಕೆ ಹೋಗುವಾಗ, ನೀವೇ ತಯಾರಿಸಿದ ಅಲಾರಂ ಪಟ್ಟಿ ಮತ್ತು ಯಂತ್ರ ಕಳಿಸುವ ಮುನ್ನ ನಡೆಸಿದ ಪರೀಕ್ಷೆಯ ದಾಖಲೆಯನ್ನು, ಗ್ರಾಹಕರ ಹೆಸರು ಮರೆಮಾಡಿ, ಜೊತೆಗೆ ಒಯ್ಯಿರಿ.

ಪ್ರಶ್ನೆ: ಡಿಪ್ಲೊಮಾ ಓದುತ್ತಿದ್ದೇನೆ. ಪಿಎಲ್‌ಸಿ ಪ್ರೋಗ್ರಾಮ್‌ಗೆ ಲ್ಯಾಡರ್ (ವೈರಿಂಗ್ ನಕ್ಷೆಯಂತೆ ಚಿತ್ರದಲ್ಲಿ ಬರೆಯುವ ಭಾಷೆ) ಹಳತಾಯಿತು, ಸ್ಟ್ರಕ್ಚರ್ಡ್ ಟೆಕ್ಸ್ಟ್ (ಸಾಲುಸಾಲಾಗಿ ಅಕ್ಷರದಲ್ಲಿ ಬರೆಯುವ ಭಾಷೆ) ಕಲಿ ಎನ್ನುತ್ತಾರೆ. ನಿಜವೇ?
- ವಿದ್ಯಾರ್ಥಿನಿ, ಗದಗ

ಉತ್ತರ: ಪಿಎಲ್‌ಸಿ ಭಾಷೆಗಳ ಕುರಿತು 1993ರಲ್ಲಿ ಪ್ರಕಟವಾದ ಐಇಸಿ 61131-3 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಎರಡಕ್ಕೂ ಸ್ಥಾನವಿದೆ. ಲೆಕ್ಕಾಚಾರ ಹೆಚ್ಚಿರುವಲ್ಲಿ ಸ್ಟ್ರಕ್ಚರ್ಡ್ ಟೆಕ್ಸ್ಟ್ ಅನುಕೂಲ. ಆದರೆ ರಾತ್ರಿ ಪಾಳಿಯಲ್ಲಿ ಯಂತ್ರ ನಿಂತಾಗ ಎಲೆಕ್ಟ್ರಿಷಿಯನ್ ಲ್ಯಾಪ್‌ಟಾಪ್ ತೆರೆದು ಸರಾಗವಾಗಿ ಓದಬಲ್ಲದ್ದು ಲ್ಯಾಡರ್. ಅದನ್ನೇ ಮೊದಲು ಕಲಿಯಿರಿ.