ಬರೆಯುವ ಮೊದಲೇ ಕಥೆಯ ಎಳೆಯನ್ನು ನಾಲ್ಕು ಜನರಿಗೆ ಹೇಳಿ ಅಭಿಪ್ರಾಯ ಕೇಳಬಹುದೇ? ಯಾರಾದರೂ ಕದ್ದರೆ?

ಪ್ರಶ್ನೆಯ ಕೆಳಗೆ ನೀವು ನಿಮ್ಮ ಕಥೆಯ ಎಳೆಯನ್ನೂ ಬರೆದಿದ್ದೀರಿ. ಅದರ ಮೊದಲ ಸಾಲನ್ನು ಓದಿದ ಕೂಡಲೇ ನಿಲ್ಲಿಸಿದೆ. ಯಾಕೆಂಬುದು ಮುಂದೆ ತಿಳಿಯುತ್ತದೆ.

ನನ್ನ ಸಣ್ಣಜ್ಜಿಯ ಮನೆ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಮನೆ, ತೋಟ, ಊರು ಎಲ್ಲವೂ ಮುಳುಗಡೆಯಾದವು. 1948ರಲ್ಲಷ್ಟೇ ಮುಗಿದಿದ್ದ ಮಡೆನೂರಿನ ಹಳೆಯ ಅಣೆಕಟ್ಟು ಕೂಡ ಅದೇ ನೀರಿನಡಿಗೆ ಹೋಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ, ಬೇಸಿಗೆಯ ಕೊನೆಗೆ ಹಿನ್ನೀರು ತಳ ಕಂಡಾಗ, ಆ ಅಣೆಕಟ್ಟು ಮತ್ತೆ ಮೇಲೆದ್ದು ನಿಲ್ಲುತ್ತದೆ. ಅದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಅಂಥದೊಂದು ಬೇಸಿಗೆಯಲ್ಲಿ, ಎಪ್ಪತ್ತೈದು ದಾಟಿದ್ದ ಸಣ್ಣಜ್ಜಿ ತನ್ನ ಮನೆಯಿದ್ದ ಜಾಗವನ್ನು ಒಮ್ಮೆ ತೋರಿಸೆಂದು ಕೇಳಿದಾಗ, ನಾನೇ ಕರೆದುಕೊಂಡು ಹೋಗಿದ್ದೆ. ಬಿರುಕುಬಿಟ್ಟ ಕೆಸರಿನ ಮೇಲೆ, ಒಣಗಿ ನಿಂತ ಮರದ ಬೊಡ್ಡೆಗಳ ನಡುವೆ ಸುಮಾರು ಒಂದು ತಾಸು ತಿರುಗಾಡಿ ಹಿಂದಿರುಗಿದೆವು. ಅಂದು ರಾತ್ರಿ ನನಗೆ ಇದೊಂದು ಕಥೆಯಾಗುತ್ತದೆ ಎನ್ನಿಸಿತು.

ಒಂದು ಪುಟವನ್ನೂ ಬರೆಯಲಿಲ್ಲ. ವಾರದೊಳಗೆ ಸಾಗರದ ಒಂದು ಚಹದಂಗಡಿಯಲ್ಲಿ ಮೂವರು ಗೆಳೆಯರ ಮುಂದೆ ಹೇಳಿಬಿಟ್ಟೆ: ಮುಳುಗಿದ ಊರಿನ ಮುದುಕಿಯೊಬ್ಬಳು ಐವತ್ತು ವರ್ಷಗಳ ಮೇಲೆ, ನೀರು ಇಳಿದಾಗ, ತನ್ನ ಮನೆಯ ಜಾಗವನ್ನು ಹುಡುಕಿಕೊಂಡು ಹೋಗುತ್ತಾಳೆ. ಅವರಲ್ಲೊಬ್ಬ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವನು, ನಮ್ಮೆಲ್ಲರಿಗಿಂತ ಹೆಚ್ಚು ಓದಿಕೊಂಡವನು. ಅವನು ಲೋಟ ಕೆಳಗಿಟ್ಟು, "ಎಲ್ಲ ಸರಿ, ಆಕೆ ಅಲ್ಲಿಗೆ ಯಾಕೆ ಹೋಗುತ್ತಾಳೆ?" ಎಂದು ಕೇಳಿದ. ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲವೆನ್ನಲು ನಾಚಿಕೆಯಾಗಿ, "ಒಕ್ಕಲೆದ್ದು ಹೋಗುವಾಗ ಹಿತ್ತಿಲಲ್ಲಿ ಒಂದು ತಂಬಿಗೆ ಬಂಗಾರ ಹುಗಿದಿಟ್ಟಿರುತ್ತಾಳೆ" ಎಂದೆ. ಮೂವರೂ ಒಮ್ಮೆಲೇ "ಓಹೋ" ಎಂದರು.

ನನ್ನ ತಪ್ಪು ಇದೇ. ಗೆಳೆಯನ ಪ್ರಶ್ನೆಯಲ್ಲಿ ದೋಷವಿರಲಿಲ್ಲ; ಬರೆದು ಮುಗಿಸಿದ ಕಥೆಗೆ ಅದನ್ನು ಯಾರಾದರೂ ಕೇಳಲೇಬೇಕು. ಎಳೆಯನ್ನು ಹೇಳಿಕೊಂಡದ್ದು ಕೂಡ ಅರ್ಧ ತಪ್ಪಷ್ಟೇ. ಉಳಿದರ್ಧ, ಕಥೆಗೇ ಇನ್ನೂ ಗೊತ್ತಿಲ್ಲದ ಉತ್ತರವನ್ನು ಕಥೆಗಾರನ ಮರ್ಯಾದೆ ಉಳಿಸಿಕೊಳ್ಳುವ ಸಲುವಾಗಿ ಎರಡು ಕ್ಷಣದಲ್ಲಿ ಹೊಸೆದು ಕೊಟ್ಟದ್ದು. ಹಾಗೆ ಹೊಸೆದ ಉತ್ತರ ಅಲ್ಲಿಗೇ ಬಿದ್ದುಹೋಗಿದ್ದರೆ ಚಿಂತೆಯಿರಲಿಲ್ಲ, ಆದರೆ ಕೇಳಿದವರ ಮುಖ ಅರಳಿದ್ದನ್ನು ಕಂಡ ಮೇಲೆ ಅದು ನನ್ನ ತಲೆಯೊಳಗೆ ಹೆಂಚು ಹೊದಿಸಿದ ಮನೆಯ ಹಾಗೆ ನಿಂತುಬಿಟ್ಟಿತು. ಮುಂದೆ ಯಾರಿಗೆ ಹೇಳಿದರೂ ಬಂಗಾರ ಸೇರಿಸಿಯೇ ಹೇಳಿದೆ. ಬಂದ ಸಲಹೆಗಳೆಲ್ಲ ಬಂಗಾರದ ಮೇಲೆಯೇ ಬಂದವು. ಮೈದುನ ಮೊದಲೇ ಅಗೆದು ತೆಗೆದಿರಲಿ ಎಂದರು ಒಬ್ಬರು. ತಂಬಿಗೆ ಸಿಕ್ಕಿ ಅದರೊಳಗೆ ಬರೀ ಕೆಸರಿರಲಿ ಎಂದರು ಮತ್ತೊಬ್ಬರು. ಧಾರಾವಾಹಿಗೆ ಸಂಭಾಷಣೆ ಬರೆಯುವ ಪರಿಚಿತರೊಬ್ಬರು ತಂಬಿಗೆ ಕೊಟ್ಟವನೇ ಆಕೆಯ ಹಳೆಯ ಪ್ರೇಮಿಯಾಗಿರಲಿ ಎಂದರು. ಮುಳುಗಡೆಯವರ ಹಕ್ಕುಪತ್ರದ ವಿಷಯವನ್ನು ಬಿಡಬೇಡವೆಂದು ಇನ್ನೊಬ್ಬರು ಹೇಳಿದ್ದು ನ್ಯಾಯವಾದ ಮಾತೇ ಆಗಿತ್ತು, ಆದರೆ ಅದಕ್ಕೂ ಬಂಗಾರಕ್ಕೂ ಗಂಟು ಹಾಕುವಷ್ಟರಲ್ಲಿ ನಾನು ಸುಸ್ತಾದೆ. ಎಲ್ಲರೂ ಬುದ್ಧಿವಂತರು, ಎಲ್ಲರ ಸಲಹೆಯೂ ಒಳ್ಳೆಯದು, ಮತ್ತು ಪ್ರತಿಯೊಬ್ಬರೂ ತಮ್ಮದೇ ಕಥೆಯನ್ನು ಕಟ್ಟುತ್ತಿದ್ದರು, ಏಕೆಂದರೆ ನನ್ನದು ಅವರ ಎದುರಿಗೆ ಇರಲೇ ಇಲ್ಲ.

ಕೊನೆಗೆ ಬಂಗಾರದ ಕಥೆಯನ್ನೇ ಬರೆದು ಒಂದು ಕಥಾಸ್ಪರ್ಧೆಗೆ ಕಳಿಸಿದೆ. ಗೆದ್ದವರ ಪಟ್ಟಿಯಲ್ಲಿ ಹೆಸರಿರಲಿಲ್ಲ. ಅದು ದೊಡ್ಡ ಮಾತಲ್ಲ. ಸಣ್ಣ ಪತ್ರಿಕೆಯೊಂದು ಅದನ್ನು ಪ್ರಕಟಿಸಿದ್ದರಿಂದ ಆದದ್ದು ದೊಡ್ಡ ಮಾತು. ಕಥೆಯ ಮುದುಕಿ ಯಾರೆಂದು ನಮ್ಮ ಮನೆತನದವರಿಗೆಲ್ಲ ತಕ್ಷಣ ತಿಳಿಯಿತು. ಮದುವೆಮನೆಯೊಂದರಲ್ಲಿ ಸಣ್ಣಜ್ಜಿಯ ಮೈದುನನ ಮಗ ಆಕೆಯ ಪಕ್ಕದಲ್ಲಿ ಕುಳಿತು, ಅರ್ಧ ನಗೆಯಲ್ಲಿಯೇ, ತಂಬಿಗೆಯಲ್ಲಿ ನಮ್ಮ ಅಪ್ಪಯ್ಯನ ಪಾಲೆಷ್ಟಿತ್ತು ಎಂದು ಕೇಳಿದನಂತೆ. ಬಂಗಾರವಿದ್ದಿದ್ದರೆ ಒಕ್ಕಲೆದ್ದ ಆ ಮಳೆಗಾಲವನ್ನು ಪರರ ಕೊಟ್ಟಿಗೆಯಲ್ಲಿ ಕಳೆಯುತ್ತಿದ್ದೆವೇ ಎಂದು ಆಕೆ ಹೇಳಿ ಎದ್ದುಹೋದಳಂತೆ. ನನಗೆ ಮಾತ್ರ ಆಕೆ ಏನೂ ಅನ್ನಲಿಲ್ಲ. ಮತ್ತೆ ಹಿನ್ನೀರಿನ ಕಡೆ ಕರೆದುಕೊಂಡು ಹೋಗೆಂದೂ ಕೇಳಲಿಲ್ಲ.

ಆಕೆ ತೀರಿಕೊಂಡ ವರ್ಷ, ಯಾರಿಗೂ ತಿಳಿಸದೆ, ಆ ದಿನ ನಡೆದದ್ದನ್ನು ಇದ್ದಂತೆ ಬರೆಯಲು ಕುಳಿತೆ. ಮೂರನೆಯ ದಿನ ಬರೆಯುತ್ತಿದ್ದಾಗ ಕೈ ತಾನಾಗಿ ಒಂದು ವಿವರವನ್ನು ಹಾಕಿತು. ಕೆಸರಿನ ಮೇಲೆ ನಡೆಯುತ್ತಿದ್ದ ಸಣ್ಣಜ್ಜಿ ಒಂದೆಡೆ ನಿಂತು ಚಪ್ಪಲಿ ಬಿಟ್ಟಿದ್ದಳು. ಅಲ್ಲಿ ಮೆಟ್ಟಿಲಿರಲಿಲ್ಲ, ಗೋಡೆಯಿರಲಿಲ್ಲ, ಮುಂದೆಯೂ ಹಿಂದೆಯೂ ಒಂದೇ ಬಗೆಯ ಬಿರುಕು ನೆಲ. ಎರಡೂ ಚಪ್ಪಲಿಗಳನ್ನು ಜೋಡಿಸಿಟ್ಟು, ಬರಿಗಾಲಿನಲ್ಲಿ ಹತ್ತು ಹನ್ನೆರಡು ಹೆಜ್ಜೆ ಒಳಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹಿಂದೆ ಬಂದು, ಮತ್ತೆ ಮೆಟ್ಟಿಕೊಂಡು, "ಬಿಸ್ಲು ಜಾಸ್ತಿ ಆತು, ಹೋಪನ" ಎಂದಿದ್ದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಚಹದಂಗಡಿಯಲ್ಲಿ ಹೇಳಿರಲಿಲ್ಲ, ಏಕೆಂದರೆ ಎರಡು ಸಾಲಿನಲ್ಲಿ ಹೇಳುವ ಕಥೆಯಲ್ಲಿ ಚಪ್ಪಲಿ ಬಿಡುವುದಕ್ಕೆ ಜಾಗವಿರುವುದಿಲ್ಲ; ಬಂಗಾರಕ್ಕೆ ಇರುತ್ತದೆ.

ಈಗ ನಿಮ್ಮ ಭಯಕ್ಕೆ ಬರುತ್ತೇನೆ. ಎಳೆಯನ್ನು ಯಾರಾದರೂ ಕದ್ದರೆ ಕಾನೂನು ನಿಮ್ಮ ನೆರವಿಗೆ ಬರುವುದಿಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆ ರಕ್ಷಿಸುವುದು ಬರೆದ ರೂಪವನ್ನು. ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ನಾಟಕವನ್ನು ಚಿತ್ರ ತಯಾರಕರಿಗೆ ಪೂರ್ತಿ ಓದಿ ಹೇಳಿದ್ದರು. ಅದೇ ವಸ್ತುವಿನ ಚಲನಚಿತ್ರ ಬಂದಾಗ ದಾವೆ ಹೂಡಿದರು. 1978ರಲ್ಲಿ ಸುಪ್ರೀಂ ಕೋರ್ಟ್ ಅವರ ವಿರುದ್ಧ ತೀರ್ಪು ನೀಡಿ, ಆಲೋಚನೆ, ವಸ್ತು, ಕಥಾಹಂದರಗಳಿಗೆ ಹಕ್ಕುಸ್ವಾಮ್ಯವಿಲ್ಲವೆಂದು ಹೇಳಿತು. ಆದರೂ ನೀವು ಕಳ್ಳರ ಬಗ್ಗೆ ಚಿಂತಿಸುತ್ತಿರುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ನನ್ನ ಎಳೆಯನ್ನು ಹತ್ತು ಜನ ಕೇಳಿದರು, ಒಬ್ಬರೂ ಕದಿಯಲಿಲ್ಲ. ಎಲ್ಲರೂ ಧಾರಾಳವಾಗಿ ಏನಾದರೊಂದು ಕೊಟ್ಟೇ ಹೋದರು. ನನ್ನನ್ನು ಕೆಡಿಸಿದ್ದು ಆ ಕೊಡುಗೆಗಳು. ಸಿನಿಮಾಕ್ಕೆ ಬರೆಯುವವರಾಗಿದ್ದರೆ ಮಾತು ಬೇರೆ, ಅಲ್ಲಿ ಒನ್‌ಲೈನ್ ಹೇಳಿ ಒಪ್ಪಿಸುವುದೇ ಕಸುಬಿನ ಭಾಗ. ನೀವು ಸಣ್ಣಕಥೆ ಎಂದಿದ್ದೀರಿ.

ಆದ್ದರಿಂದ ಹೇಳಬೇಡಿ, ಬರೆಯಿರಿ. ಕೆಟ್ಟದಾಗಿಯಾದರೂ ಕೊನೆಯವರೆಗೆ ಬರೆದ ಮೇಲೆ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ ಕೊಡಿ. "ಹೇಗಿದೆ" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ, ಅದರಿಂದ ಕಥೆಗೆ ಏನೂ ಆಗುವುದಿಲ್ಲ. ಓದು ಎಲ್ಲಿ ನಿಂತಿತು, ಎಲ್ಲಿ ಹಿಂದಿನ ಪುಟಕ್ಕೆ ಮರಳಬೇಕಾಯಿತು ಎಂದು ಕೇಳಿ. ಅವರು "ಯಾಕೆ" ಎಂದರೆ "ನನಗಿನ್ನೂ ಗೊತ್ತಿಲ್ಲ" ಎನ್ನಿ. ಈ ಎರಡು ಪದಗಳನ್ನು ಮುಖ ಕೆಂಪಾಗದಂತೆ ಹೇಳಲು ನನಗೆ ಆರು ವರ್ಷ ಹಿಡಿಯಿತು.

ಹೊಸದಾಗಿ ಬರೆದದ್ದು ಒಂಬತ್ತು ಪುಟವಾಯಿತು. ಅದೇ ಕಾಲೇಜಿನ ಗೆಳೆಯನಿಗೆ ಕೊಟ್ಟೆ. ಎರಡು ದಿನ ಬಿಟ್ಟು ಹಾಳೆಗಳನ್ನು ಹಿಂದಿರುಗಿಸುತ್ತ, ನಾಲ್ಕನೆಯ ಪುಟದಲ್ಲಿ ತಾಲ್ಲೂಕು ಕಚೇರಿಯ ವರ್ಣನೆ ಉದ್ದವಾಗಿದೆ, ಅಲ್ಲಿ ತಾನು ಎದ್ದು ಹೋಗಿ ನೀರು ಕುಡಿದು ಬಂದೆ ಎಂದ. ಆ ಎರಡು ಪ್ಯಾರಾಗಳನ್ನು ತೆಗೆದುಹಾಕಿದೆ. ಚಪ್ಪಲಿಯ ಬಗ್ಗೆ ಅವನು ಏನೂ ಕೇಳಲಿಲ್ಲ.