ಅಮ್ಮನಿಗೆ ಬೇಡದ ವರದಿ ಮಗಳಿಗೆ ಬೇಕು

ಪ್ರಶ್ನೆ: ನನಗೆ 27 ವರ್ಷ, ಮದುವೆ ಗೊತ್ತಾಗಿದೆ. ಕಳೆದ ವರ್ಷ ಸೋದರಮಾವನಿಗೆ ಮರೆವು ಶುರುವಾಗಿ, ನಡಿಗೆ ತತ್ತರಿಸಿ, ಕೆಲವೇ ತಿಂಗಳಲ್ಲಿ ತೀರಿಕೊಂಡರು. ಆನುವಂಶಿಕ ಪ್ರಿಯಾನ್ ಕಾಯಿಲೆ, ಅಂದರೆ ಪ್ರಿಯಾನ್ ಎಂಬ ಪ್ರೋಟೀನ್ ಆಕಾರ ಕೆಟ್ಟು ಮೆದುಳನ್ನು ಹಾಳುಮಾಡುವ ಕಾಯಿಲೆ ಎಂದು ಜೀನ್ ಪರೀಕ್ಷೆಯಲ್ಲಿ ಗೊತ್ತಾಯಿತು. ಅಜ್ಜಿಯೂ ಹೀಗೆಯೇ ಹೋದರಂತೆ. ಆಗ ಗಾಳಿ ಸೋಕಿದೆ ಎಂದಿದ್ದರು. ಅಮ್ಮ ತನಗೆ ಪರೀಕ್ಷೆಯೇ ಬೇಡ ಎನ್ನುತ್ತಾರೆ. ಅವರಿಗೆ ತಿಳಿಯದಂತೆ ನಾನು ಮಾಡಿಸಿಕೊಳ್ಳಲೇ? ಹುಡುಗನಿಗೆ ಹೇಳಬೇಕೇ?

ಉತ್ತರ: ಮಾಡಿಸಿಕೊಳ್ಳುವ ಹಕ್ಕು ನಿಮಗಿದೆ. ಗುಟ್ಟು ಕಾಯುವುದು ಮಾತ್ರ ನೀವು ಅಂದುಕೊಂಡಷ್ಟು ಸುಲಭವಲ್ಲ. ಹೆತ್ತವರಲ್ಲಿ ಒಬ್ಬರಿಗೆ ಈ ಜೀನ್ ದೋಷವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅಜ್ಜಿಯಿಂದ ಇಳಿದು ಬಂದಿದ್ದರೆ ಅಮ್ಮನಿಗೆ ಶೇ 50, ನಿಮಗೆ ಶೇ 25. ನಿಮ್ಮಲ್ಲಿ ಇಲ್ಲವೆಂದು ಬಂದರೆ ಅಮ್ಮನ ವಿಷಯ ಇತ್ಯರ್ಥವಾಗದು. ಇದೆಯೆಂದು ಬಂದರೆ ಅಮ್ಮನಿಗೂ ಇದೆಯೆಂದೇ ಅರ್ಥ. ಆಮೇಲೆ ಅವರ ಕೈಯಿಂದ ಲೋಟ ಜಾರಿದಾಗಲೆಲ್ಲ ನೀವು ಬೆಚ್ಚಿಬೀಳುತ್ತೀರಿ. ಅದನ್ನು ಅವರು ಗಮನಿಸದೆ ಇರುತ್ತಾರೆಯೇ?

ಆದ್ದರಿಂದ ಮೊದಲು ಅವರಿಗೆ ಹೇಳಿ, ಅಪ್ಪಣೆ ಕೇಳುವುದಕ್ಕಲ್ಲ, ತಿಳಿಸುವುದಕ್ಕೆ. ಬೇಡವೆನ್ನುವ ಅವರನ್ನು ಹೇಡಿ ಎಂದುಕೊಳ್ಳಬೇಡಿ. ಇವತ್ತಿಗೆ ಚಿಕಿತ್ಸೆಯಿಲ್ಲದ ಕಾಯಿಲೆ ಇದು. ಇಂಥ ಮನೆತನಗಳಲ್ಲಿ ತಿಳಿಯದೆ ಇರುವುದನ್ನೇ ಆರಿಸಿಕೊಳ್ಳುವವರು ಬಹಳ ಮಂದಿ. ಬೇರೆ ದಾರಿ ಹಿಡಿದವರೂ ಇದ್ದಾರೆ: ಅಮೆರಿಕದ ಸೋನಿಯಾ ವಲ್ಲಭ್ ಅವರ ತಾಯಿ 2010ರಲ್ಲಿ ಇದೇ ಗುಂಪಿನ ಕಾಯಿಲೆಯಿಂದ ತೀರಿಕೊಂಡರು. ಮರುವರ್ಷ ತಮ್ಮಲ್ಲೂ ದೋಷವಿದೆ ಎಂದು ತಿಳಿದ ಮೇಲೆ, ಕಾನೂನು ಓದಿದ್ದ ಅವರು ಗಂಡನೊಂದಿಗೆ ವಿಜ್ಞಾನಿಯಾಗಿ ಇದಕ್ಕೇ ಔಷಧ ಹುಡುಕುತ್ತಿದ್ದಾರೆ. ಪ್ರಿಯಾನ್ ಪ್ರೋಟೀನಿನ ಪ್ರಮಾಣವನ್ನೇ ತಗ್ಗಿಸುವ ಒಂದು ಔಷಧದ ಪ್ರಯೋಗ ರೋಗಿಗಳ ಮೇಲೆ 2024ರಲ್ಲಿ ಆರಂಭವಾಗಿದೆ. ನಿಮ್ಮಿಂದ ಅಂಥ ಸಾಹಸವನ್ನು ಯಾರೂ ಕೇಳುತ್ತಿಲ್ಲ.

ಮುಹೂರ್ತಕ್ಕೆ ಮೊದಲೇ ವರದಿ ಕೈಗೆ ಬರಲಿ ಎಂಬ ಧಾವಂತ ಬೇಡ. ದೋಷವಿದ್ದರೂ ಕಾಯಿಲೆ ಯಾವ ವಯಸ್ಸಿಗೆ ಬರುತ್ತದೆಂದು ಪರೀಕ್ಷೆ ಹೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಮಾವನ ವರದಿ ತೋರಿಸಿ, ಆಪ್ತಸಮಾಲೋಚನೆ ಮುಗಿಸಿ, ಆಮೇಲೆ ರಕ್ತ ಕೊಡಿ. ಕಡೆಯ ಗಳಿಗೆಯಲ್ಲಿ ಫಲಿತಾಂಶ ಬೇಡವೆನಿಸಿದರೆ ಕೇಳದೆ ಎದ್ದು ಬರಬಹುದು.

ಹುಡುಗನಿಗೆ ಹೇಳಲೇಬೇಕು, ಮದುವೆಗೆ ಮುಂಚೆಯೇ. ವರದಿ ಇಲ್ಲದಿದ್ದರೂ ಮನೆತನದ ಕಾಯಿಲೆ ಇದ್ದೇ ಇದೆಯಲ್ಲ. ಎದುರು ಕೂತು ಹೇಳಿ, ವಾಟ್ಸಾಪ್‌ನಲ್ಲಿ ಬೇಡ. ಜೊತೆಯಲ್ಲಿ ಉಣ್ಣುವುದರಿಂದ, ಮುಟ್ಟುವುದರಿಂದ ಇದು ಅಂಟುವುದಿಲ್ಲವೆಂದೂ, ಐವಿಎಫ್ (ಪ್ರನಾಳ ಶಿಶು ವಿಧಾನ) ಮಾಡಿಸಿ ದೋಷವಿಲ್ಲದ ಭ್ರೂಣವನ್ನು ಆರಿಸಲು ಸಾಧ್ಯವೆಂದೂ ತಿಳಿಸಿ. ಅವನು ಹಿಂದೆ ಸರಿದರೆ ನೋವಾಗುತ್ತದೆ, ನಿಜ. ಮದುವೆಯಾದ ಮೇಲೆ ಬೇರೆ ಯಾರದೋ ಬಾಯಿಂದ ಅವನಿಗೆ ತಿಳಿದರೆ ಅದಕ್ಕಿಂತ ಹೆಚ್ಚು ನೋವಾಗುತ್ತದೆ.

ನೀವು ಕೇಳದ ಒಂದು ಮಾತು: ಮುಟ್ಟಿದರೆ ಅಂಟದಿದ್ದರೂ ಮುನ್ನೆಚ್ಚರಿಕೆಯಾಗಿ, ದೋಷವಿಲ್ಲವೆಂದು ಖಚಿತವಾಗುವವರೆಗೆ ನೀವೂ ಅಮ್ಮನೂ ರಕ್ತದಾನ ಮಾಡಬೇಡಿ, ಶಸ್ತ್ರಚಿಕಿತ್ಸೆ ಇದ್ದರೆ ವೈದ್ಯರಿಗೆ ಮೊದಲೇ ಈ ವಿಷಯ ತಿಳಿಸಿ.