ಓದುಗರ ಪ್ರಶ್ನೆ: ಮುಂಗಾರಿನಲ್ಲಿ ಕ್ಯಾಮೆರಾ ಕಾಪಾಡಿಕೊಳ್ಳುವುದು ಹೇಗೆ?

ಮಳೆ ಹಿಡಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಹೆಚ್ಚಿನವರ ಆತಂಕ ಮೇಲಿಂದ ಬೀಳುವ ಹನಿಯ ಬಗ್ಗೆ. ಆದರೆ ಹನಿ ಕಣ್ಣಿಗೆ ಕಾಣುತ್ತದೆ, ಒರೆಸಬಹುದು. ಗಾಳಿಯಲ್ಲಿರುವ ಆವಿ ಕಾಣದೆ ಒಳಸೇರಿ ವಾರಗಟ್ಟಲೆ ಕೂತಿರುತ್ತದೆ. ಹಾಗಾಗಿ ಹಲವು ಉತ್ತರಗಳು ಆವಿಯ ಕಡೆಗೇ ಹೋಗಿವೆ.

ಪ್ರಶ್ನೆ: ನನ್ನದು ಸಾಧಾರಣ ಡಿಎಸ್‌ಎಲ್‌ಆರ್, ಜೊತೆಗೆ ಬಂದ 18-55 ಲೆನ್ಸ್. ಜುಲೈನಲ್ಲಿ ಆಗುಂಬೆ ಕಡೆ ಹೋಗಬೇಕೆಂದಿದ್ದೇನೆ. ದುಬಾರಿ ರೇನ್ ಕವರ್ ಕೊಳ್ಳಲೇಬೇಕೇ?
– ದಾವಣಗೆರೆಯ ಓದುಗರು

ಬೇಕಿಲ್ಲ. ಆದರೆ ನೀವು ಹೊರಟಿರುವುದು ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೆ. ಕೊಡೆಯೊಂದನ್ನೇ ನಂಬಿಕೊಂಡರೆ ಆಗದು. ಅಲ್ಲಿ ಮಳೆ ಗಾಳಿಯ ಜೊತೆ ಅಡ್ಡಡ್ಡವಾಗಿ ಎರಚುತ್ತದೆ.

ಬೇಕಾದ ಸಾಮಾನು ಇಷ್ಟು: ಬಟ್ಟೆ ಅಂಗಡಿಯಲ್ಲಿ ಸಿಗುವಂಥ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲ (ಸುಮಾರು 12 ಇಂಚು ಅಗಲ, 18 ಇಂಚು ಉದ್ದ), ಎರಡು ಗಟ್ಟಿ ರಬ್ಬರ್ ಬ್ಯಾಂಡ್, ಲೆನ್ಸ್ ಹುಡ್, ಯುವಿ ಫಿಲ್ಟರ್. ಫಿಲ್ಟರಿನ ಅಳತೆ ಲೆನ್ಸಿನ ಮುಂಭಾಗದಲ್ಲೋ ಮುಚ್ಚಳದ ಒಳಗಡೆಯೋ ಇರುತ್ತದೆ. ಅಡ್ಡಗೀಟು ಎಳೆದ ಸೊನ್ನೆಯ ಪಕ್ಕದಲ್ಲಿರುವ ಸಂಖ್ಯೆಯೇ ಅದು.

ಎಲ್ಲವನ್ನೂ ಸೂರಿನ ಕೆಳಗೇ ಜೋಡಿಸಿ. ಮೊದಲು ಫಿಲ್ಟರ್, ಮೇಲೆ ಹುಡ್. ಚೀಲದ ತಳದಲ್ಲಿ ಹುಡ್‌ಗಿಂತ ತುಸು ಚಿಕ್ಕದಾದ ತೂತು ಕತ್ತರಿಸಿ. ಕ್ಯಾಮೆರಾವನ್ನು ಚೀಲದ ಬಾಯಿಂದ ಒಳಗೆ ಸೇರಿಸಿ, ಹುಡ್‌ನ ಅಂಚು ತೂತಿನಿಂದ ಒಂದು ಸೆಂಟಿಮೀಟರ್ ಹೊರಬರುವಂತೆ ಎಳೆದು, ಹುಡ್‌ನ ಮೇಲೆಯೇ ರಬ್ಬರ್ ಬ್ಯಾಂಡ್ ಬಿಗಿಯಿರಿ. ಜೂಮ್ ರಿಂಗ್ ಅಥವಾ ಫೋಕಸ್ ರಿಂಗ್ ಮೇಲೆ ಬ್ಯಾಂಡ್ ಬರಬಾರದು, ಮೋಟಾರಿಗೆ ಭಾರವಾಗುತ್ತದೆ. ಜೂಮ್ ಮಾಡಿದಾಗ ಈ ಲೆನ್ಸ್ ಮುಂದಕ್ಕೆ ಚಾಚುವುದರಿಂದ ಚೀಲಕ್ಕೆ ನಾಲ್ಕು ಬೆರಳಿನಷ್ಟು ಸಡಿಲ ಬಿಡಿ. ವ್ಯೂಫೈಂಡರಿನ ರಬ್ಬರ್ ಕಪ್ ಬಿಚ್ಚಿ, ಅಲ್ಲಿ ಪ್ಲಾಸ್ಟಿಕ್ಕಿಗೆ ಸಣ್ಣ ಸೀಳು ಮಾಡಿ, ಪ್ಲಾಸ್ಟಿಕ್ಕಿನ ಮೇಲಿಂದಲೇ ಕಪ್ ಮತ್ತೆ ಕೂರಿಸಿದರೆ ನೋಡಲು ಅಡ್ಡಿಯಾಗುವುದಿಲ್ಲ, ನೀರೂ ಇಳಿಯುವುದಿಲ್ಲ. ಎರಡನೆಯ ರಬ್ಬರ್ ಬ್ಯಾಂಡ್ ಜೇಬಿನಲ್ಲಿರಲಿ. ನೆಂದ ಬ್ಯಾಂಡ್ ಹರಿಯುವುದೇ ಹೆಚ್ಚು.

ಚೀಲದ ಬಾಯಿ ಕೆಳಮುಖವಾಗಿ ತೆರೆದೇ ಇರಬೇಕು. ಬಿಗಿಯಾಗಿ ಕಟ್ಟಿದರೆ ಸುರಕ್ಷಿತ ಎಂದು ಅನೇಕರು ಗಂಟು ಹಾಕುತ್ತಾರೆ. ಆಗ ಒದ್ದೆ ಕೈಯ ತೇವ, ಉಸಿರಿನ ಆವಿ ಹೊರಹೋಗಲಾಗದೆ ಒಳಗೇ ಹನಿಗಟ್ಟುತ್ತವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಚೀಲದ ಒಳಮೈ ನೋಡಿ. ಮಬ್ಬಾಗಿದ್ದರೆ ಸೂರಿನಡಿ ಹೋಗಿ ತೆಗೆದು ಒರೆಸಿ.

ಬಟ್ಟೆ ಎರಡು ಬಗೆಯದು ಬೇಕು. ಕ್ಯಾಮೆರಾದ ಮೈಗೆ ಹತ್ತಿಯ ಟವೆಲ್, ಗಾಜಿಗೆ ಮೈಕ್ರೋಫೈಬರ್. ಗಾಜಿನ ಬಟ್ಟೆ ನಾಲ್ಕಾದರೂ ಇರಲಿ, ಪ್ರತಿಯೊಂದೂ ಬೇರೆ ಬೇರೆ ಜಿಪ್ ಕವರಿನಲ್ಲಿ. ಒಮ್ಮೆ ನೆಂದ ಬಟ್ಟೆ ಹನಿಯನ್ನು ಹೀರುವುದಿಲ್ಲ, ಹರಡುತ್ತದೆ. ಫಿಲ್ಟರ್ ಮೇಲಿನ ಹನಿಯನ್ನು ಮೊದಲು ಬ್ಲೋವರಿನಿಂದ ಅಂಚಿಗೆ ತಳ್ಳಿ, ಆಮೇಲೆ ಒತ್ತಿ ಹೀರಿಸಿ, ಉಜ್ಜಬೇಡಿ. ಚಿತ್ರ ತೆಗೆಯದಿರುವಾಗ ಲೆನ್ಸ್ ನೆಲ ನೋಡುತ್ತಿರಲಿ. ಮಳೆಯಲ್ಲಿ ಲೆನ್ಸ್ ಬದಲಿಸಬೇಡಿ, ಯಾವುದು ಬೇಕೆಂದು ಹೊರಡುವ ಮುಂಚೆಯೇ ನಿರ್ಧರಿಸಿ. ಬ್ಯಾಟರಿ ಪೂರ್ತಿ ತುಂಬಿಸಿ, ದೊಡ್ಡ ಕಾರ್ಡ್ ಹಾಕಿದರೆ ನಡುವೆ ಬಾಗಿಲು ತೆರೆಯುವ ಪ್ರಮೇಯವೇ ಬರುವುದಿಲ್ಲ.

ಇನ್ನು ಬೆನ್ನಚೀಲ. ಅದರ ಜೊತೆ ಬರುವ ರೇನ್ ಕವರ್ ಮುಂಭಾಗವನ್ನಷ್ಟೇ ಮುಚ್ಚುತ್ತದೆ. ನಿಮ್ಮ ಕುತ್ತಿಗೆಯಿಂದ ಬೆನ್ನಿಗೆ ಇಳಿದ ನೀರು ಪಟ್ಟಿಗಳ ಮೂಲಕ ಚೀಲದ ಸ್ಪಂಜಿಗೆ ಸೇರುತ್ತದೆ. ಚೀಲದ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಸಿ, ಅದರೊಳಗೆ ಕ್ಯಾಮೆರಾ ಇಟ್ಟು, ಬಾಯನ್ನು ಮೂರು ಮಡಿಕೆ ಸುತ್ತಿ. ಹೊರಗಿನ ಕವರಿಗಿಂತ ಇದನ್ನೇ ಹೆಚ್ಚು ನಂಬಬಹುದು.

ಪ್ರಶ್ನೆ: ಹೊಸ ಕ್ಯಾಮೆರಾ ‘ವೆದರ್ ಸೀಲ್ಡ್’, ಮಳೆಗೆ ಏನೂ ಆಗುವುದಿಲ್ಲ ಎಂದು ಅಂಗಡಿಯವರು ಹೇಳಿದ್ದಾರೆ. ನಂಬಬಹುದೇ?
– ಮೈಸೂರಿನ ಓದುಗರು

ಅರ್ಧ ನಂಬಿ. ಗುಂಡಿ, ಬಾಗಿಲು, ಬೆಸುಗೆಗಳ ನಡುವೆ ರಬ್ಬರ್ ಅಥವಾ ಸ್ಪಂಜಿನ ಪಟ್ಟಿ ಇದೆ ಎಂದಷ್ಟೇ ಆ ಮಾತಿನ ಅರ್ಥ. ಎಷ್ಟು ನೀರು, ಎಷ್ಟು ಹೊತ್ತು ಎಂಬ ಲೆಕ್ಕ ಅದರಲ್ಲಿಲ್ಲ. ಅಳತೆಗೆ ಸಿಗುವುದು ಐಪಿ ಸಂಖ್ಯೆ (ಧೂಳು, ನೀರನ್ನು ಎಷ್ಟು ತಡೆಯುತ್ತದೆ ಎಂದು ಪರೀಕ್ಷಿಸಿ ಕೊಡುವ ದರ್ಜೆ) ಮಾತ್ರ, ಅದನ್ನು ಘೋಷಿಸಿರುವ ಕ್ಯಾಮೆರಾಗಳು ಬಹಳ ಕಡಿಮೆ. ಓಎಂ ಸಿಸ್ಟಮ್‌ನ ಓಎಂ-1ಕ್ಕೆ ಐಪಿ53 ಇದೆ. ಕೊನೆಯ 3 ಎಂದರೆ ನೆಟ್ಟಗಿನಿಂದ 60 ಡಿಗ್ರಿವರೆಗಿನ ಓರೆಯಲ್ಲಿ ಸಿಂಪಡಿಸಿದ ನೀರನ್ನು ತಡೆಯುತ್ತದೆ ಎಂದು. ಕೆಳಗಿನಿಂದ ಚಿಮ್ಮುವ ನೀರು, ಮುಳುಗುವುದು ಆ ಪರೀಕ್ಷೆಯಲ್ಲಿ ಇಲ್ಲ.

ಬಾಡಿಯ ಜೊತೆ ಲೆನ್ಸೂ ಸೀಲ್ ಆಗಿರಬೇಕು. ಲೆನ್ಸ್ ಬಿಚ್ಚಿ, ಅದು ಬಾಡಿಗೆ ಕೂರುವ ಲೋಹದ ಮೌಂಟ್ ಸುತ್ತ ತೆಳುವಾದ ರಬ್ಬರ್ ಉಂಗುರ ಇದೆಯೇ ನೋಡಿ. ಇಲ್ಲದಿದ್ದರೆ ನೀರು ಸೇರುವ ಮೊದಲ ಜಾಗ ಅದೇ. ಕ್ಯಾನನ್‌ನ 17-40 ಎಫ್/4 ಎಲ್‌ನಂಥ ಕೆಲವು ಲೆನ್ಸ್‌ಗಳಿಗೆ ಮುಂದೆ ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತದೆ. ಚಾಚುವ ಜೂಮ್ ಲೆನ್ಸ್ ಪ್ರತಿ ಸಲ ಉದ್ದವಾದಾಗಲೂ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಸೀಲ್ ಹನಿಯನ್ನು ತಡೆದರೂ ಆವಿ ಒಳಹೋಗುತ್ತದೆ. ಕೊಳವೆ ಮೇಲೆ ಹನಿಗಳಿದ್ದಾಗ ಒಳಕ್ಕೆ ಎಳೆಯಬೇಡಿ, ಒರೆಸಿ ಆಮೇಲೆ ಕುಗ್ಗಿಸಿ. ಮೈಕ್ ಅಥವಾ ಚಾರ್ಜಿಂಗ್ ಕೇಬಲ್ ಸಿಕ್ಕಿಸಿದರೆ ಆ ಬದಿಯ ರಬ್ಬರ್ ಮುಚ್ಚಳ ತೆರೆದೇ ಇರುತ್ತದೆ, ಆಗ ಸೀಲ್ ಇದ್ದೂ ಇಲ್ಲದಂತೆ. ರಬ್ಬರ್ ವರ್ಷಗಳು ಕಳೆದಂತೆ ಗಡುಸಾಗುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ಮದುವೆ ಫೋಟೋಗ್ರಫಿ ನನ್ನ ಕೆಲಸ. ಮಳೆಗಾಲದಲ್ಲಿ ಎಸಿ ಕಾರಿನಿಂದಿಳಿದ ಕೂಡಲೇ ಲೆನ್ಸ್ ಪೂರ್ತಿ ಮಬ್ಬಾಗುತ್ತದೆ. ಒರೆಸಿದರೂ ಮತ್ತೆ ಬರುತ್ತದೆ.
– ಮಂಗಳೂರಿನ ಓದುಗರು

ಕರಾವಳಿಯಲ್ಲಿ ಹೊರಗೆ 28 ಡಿಗ್ರಿ, ಆರ್ದ್ರತೆ ಶೇ 88 ಇದ್ದರೆ ಆ ಗಾಳಿಯ ಇಬ್ಬನಿ ಬಿಂದು ಸುಮಾರು 26 ಡಿಗ್ರಿ. 26ಕ್ಕಿಂತ ತಣ್ಣಗಿರುವ ಯಾವ ವಸ್ತು ಮುಟ್ಟಿದರೂ ಆವಿ ನೀರಾಗುತ್ತದೆ. ನಿಮ್ಮ ಕಾರಿನ ಎಸಿಯಲ್ಲಿ ಕ್ಯಾಮೆರಾ 22 ಡಿಗ್ರಿಗೆ ಇಳಿದಿರುತ್ತದೆ. ಗಾಜು ಬೆಚ್ಚಗಾಗುವವರೆಗೆ ಎಷ್ಟು ಸಲ ಒರೆಸಿದರೂ ಮಬ್ಬು ಬಂದೇ ಬರುತ್ತದೆ. ಅದೇ ಹೊತ್ತಿಗೆ ಲೆನ್ಸಿನ ಒಳಗಿನ ಗಾಜಿನ ಮೇಲೂ ಬರಬಹುದು, ಅಲ್ಲಿಗೆ ನಿಮ್ಮ ಬಟ್ಟೆ ಮುಟ್ಟುವುದಿಲ್ಲ.

ಸುಲಭದ ದಾರಿ, ಕಾರಿನಲ್ಲಿ ಕ್ಯಾಮೆರಾ ಚೀಲವನ್ನು ಎಸಿ ಗಾಳಿ ನೇರ ತಾಗದ ಡಿಕ್ಕಿಯಲ್ಲಿಡುವುದು, ಮಂಟಪ ತಲುಪುವ ಅರ್ಧ ಗಂಟೆ ಮೊದಲೇ ಎಸಿ ಆರಿಸಿ ಕಿಟಕಿ ತೆರೆಯುವುದು. ಹೋಟೆಲ್ ಕೋಣೆಯಿಂದ ಹೊರಡುವುದಾದರೆ ಕೋಣೆಯ ಒಳಗೇ ಕ್ಯಾಮೆರಾವನ್ನು ಜಿಪ್ ಚೀಲಕ್ಕೆ ಹಾಕಿ, ಗಾಳಿ ಆದಷ್ಟು ಹೊರತಳ್ಳಿ ಮುಚ್ಚಿ. ಹೊರಗೆ ಬಂದ ಮೇಲೆ 30ರಿಂದ 60 ನಿಮಿಷ ತೆರೆಯಬೇಡಿ. 70-200ರಂಥ ದಪ್ಪ ಲೆನ್ಸಿಗೆ ಪೂರ್ತಿ ಒಂದು ಗಂಟೆ ಕೊಡಿ. ನೀರು ಚೀಲದ ಹೊರಮೈ ಮೇಲೆ ಕೂರುತ್ತದೆ, ಕ್ಯಾಮೆರಾ ಮೇಲಲ್ಲ. ಮುಹೂರ್ತ ಕಾಯುವುದಿಲ್ಲವಾದ್ದರಿಂದ ಒಂದು ಬಾಡಿ, ಒಂದು ಲೆನ್ಸನ್ನಾದರೂ ರಾತ್ರಿಯೇ ಎಸಿ ಇಲ್ಲದ ಕೋಣೆಯಲ್ಲಿ ಇಟ್ಟುಕೊಳ್ಳಿ.

ಅನೇಕರು ಇದನ್ನು ತಿರುಗುಮುರುಗು ಮಾಡುತ್ತಾರೆ, ಹೊರಗಿನ ಸೆಕೆಯಿಂದ ಎಸಿ ಹಾಲಿಗೆ ಹೋಗುವಾಗ ಚೀಲಕ್ಕೆ ತುಂಬುತ್ತಾರೆ. ಆಗ ಅಪಾಯವಿಲ್ಲ. ಬೆಚ್ಚಗಿರುವ ಕ್ಯಾಮೆರಾ, ಒಣಗಿದ ಗಾಳಿ, ಮಬ್ಬಾಗಲು ಕಾರಣವೇ ಇಲ್ಲ. ಮಬ್ಬಾಗಿರುವಾಗ ಲೆನ್ಸ್ ಮಾತ್ರ ಬಿಚ್ಚಬೇಡಿ. ತಣ್ಣಗಿನ ಸೆನ್ಸರ್ ಮೇಲೂ ಅದೇ ತೇವ ಕೂರುತ್ತದೆ.

ಪ್ರಶ್ನೆ: ಜೋಗದಲ್ಲಿ ಕ್ಯಾಮೆರಾ ಪೂರ್ತಿ ನೆನೆದು ತಾನಾಗಿಯೇ ಆಫ್ ಆಯಿತು. ಅಕ್ಕಿಯೊಳಗೆ ಹೂತಿಟ್ಟಿದ್ದೇವೆ. ಎಷ್ಟು ದಿನ ಬಿಡಬೇಕು?
– ಸಾಗರದ ಓದುಗರು

ಈಗಲೇ ಹೊರತೆಗೆಯಿರಿ. ಅಕ್ಕಿ ತೇವವನ್ನು ಬಹಳ ನಿಧಾನ ಎಳೆದುಕೊಳ್ಳುತ್ತದೆ, ಅದರ ಹುಡಿ ಸಂದುಗಳಲ್ಲಿ ಸೇರಿ ಒದ್ದೆಯಲ್ಲಿ ಅಂಟಾಗುತ್ತದೆ. ಆನ್ ಆಗುತ್ತದೆಯೇ ಎಂದು ನೋಡಲು ಸ್ವಿಚ್ ಮುಟ್ಟಬೇಡಿ. ನೀರು ಮಾತ್ರ ಇದ್ದರೆ ಬೋರ್ಡ್ ಉಳಿಯುವ ಸಾಧ್ಯತೆ ಇದೆ, ನೀರಿನ ಜೊತೆ ಕರೆಂಟ್ ಹರಿದರೆ ನಿಮಿಷಗಳಲ್ಲಿ ತಾಮ್ರದ ಗೆರೆ ಸವೆಯುತ್ತದೆ. ಬ್ಯಾಟರಿ ಇನ್ನೂ ಒಳಗಿದ್ದರೆ ಅದನ್ನು ತೆಗೆಯುವುದೇ ಮೊದಲ ಕೆಲಸ.

ಆಮೇಲೆ ಕಾರ್ಡ್, ಪಟ್ಟಿ, ಫಿಲ್ಟರ್, ಹುಡ್ ತೆಗೆದು ಹೊರಮೈಯನ್ನು ಒತ್ತಿ ಒರೆಸಿ. ಮೌಂಟ್ ಸುತ್ತ ಒಣಗಿದ ಮೇಲೆ ಕ್ಯಾಮೆರಾವನ್ನು ಬಾಯಿ ಕೆಳಗೆ ಮಾಡಿ ಹಿಡಿದು ಲೆನ್ಸ್ ಬಿಚ್ಚಿ, ಹನಿ ಇದ್ದರೆ ಸೆನ್ಸರಿನ ಕಡೆಗೆ ಹೋಗದೆ ಹೊರಗೆ ಬೀಳಲಿ. ಎಲ್ಲ ಬಾಗಿಲು, ರಬ್ಬರ್ ಮುಚ್ಚಳ ತೆರೆದು, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳನ್ನು ಒಣಗಿರುವಾಗಲೇ ಕನಿಷ್ಠ 250 ಗ್ರಾಂ ಹಾಕಿ, ಅದರ ಜೊತೆ 48ರಿಂದ 72 ಗಂಟೆ ಇಡಿ. ಜೆಲ್ ಸಿಗದಿದ್ದರೆ ಎಸಿ ಕೋಣೆಯಲ್ಲಿ ಫ್ಯಾನ್ ಗಾಳಿಗಿಡಿ. ಹೇರ್ ಡ್ರೈಯರ್ ಬೇಡ; ಅದು ನೀರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ, ಅಂಟು ಕರಗಿಸುತ್ತದೆ. ಬಚ್ಚಲೊಲೆಯ ಹತ್ತಿರ, ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಡುವುದೂ ಬೇಡ. ಹೊಗೆಯ ಜಿಡ್ಡು ಗಾಜಿನಿಂದ ಸುಲಭಕ್ಕೆ ಹೋಗುವುದಿಲ್ಲ.

ಒಣಗಿದ ಮೇಲೆ ಕೆಲಸ ಮಾಡಿದರೂ ಸರ್ವಿಸ್ ಸೆಂಟರಿಗೆ ಒಯ್ಯಿರಿ. ನೀರು ಆರಿದರೂ ಅದರಲ್ಲಿದ್ದ ಲವಣ ಬೋರ್ಡ್ ಮೇಲೆ ಉಳಿದು, ಗಾಳಿಯ ತೇವ ಹೀರಿಕೊಂಡು ತಿಂಗಳುಗಳ ಬಳಿಕ ಕೆಡಿಸಬಹುದು. ನೀರು ಬಿದ್ದದ್ದನ್ನು ಮುಚ್ಚಿಡದೆ ಹೇಳಿ, ಮೊದಲು ಎಲ್ಲಿ ಬಿಚ್ಚಿ ತೊಳೆಯಬೇಕೆಂದು ಅವರಿಗೆ ತಿಳಿಯುತ್ತದೆ.

ಪ್ರಶ್ನೆ: ಮಲ್ಪೆ ಕಡಲತೀರದಲ್ಲಿ ಚಿತ್ರ ತೆಗೆದ ಮೇಲೆ ಕ್ಯಾಮೆರಾವನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕೇ?
– ಉಡುಪಿಯ ಓದುಗರು

ಸಾಲದು. ಒಣ ಬಟ್ಟೆ ಉಪ್ಪನ್ನು ಉಜ್ಜಿ ಗೀರು ಮಾಡುತ್ತದೆ. ಕುಡಿಯುವ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಎರಡು ಸಲ ಒರೆಸಿ, ಆಮೇಲೆ ಒಣ ಬಟ್ಟೆ. ಮರುದಿನಕ್ಕೆ ಬಿಡಬೇಡಿ. ಆರ್ದ್ರತೆ ಶೇ 75 ದಾಟಿದರೆ ಉಪ್ಪು ತಾನಾಗಿ ನೀರೊಡೆಯುತ್ತದೆ, ಮುಂಗಾರಿನ ಕರಾವಳಿಯಲ್ಲಿ ಅದು ಒಣಗುವುದೇ ಇಲ್ಲ, ಲೋಹವನ್ನು ತಿನ್ನುತ್ತಲೇ ಇರುತ್ತದೆ. ಟ್ರೈಪಾಡಿನ ಕಾಲಿನ ಬಿಗಿಯುವ ಬಳೆಗಳನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆದು, ಕಾಲುಗಳನ್ನು ಪೂರ್ತಿ ಚಾಚಿ ಒಂದು ರಾತ್ರಿ ಒಣಗಿಸಿ.

ಪ್ರಶ್ನೆ: ಲೆನ್ಸಿಗೆ ಫಂಗಸ್ ಬಂದಿದೆ. ಹಿಂದೆ ಬೀರುವಿನಲ್ಲಿ ಝೀರೋ ಬಲ್ಬ್ ಹಾಕಿಡುತ್ತಿದ್ದೆವು, ಏನೂ ಆಗುತ್ತಿರಲಿಲ್ಲ. ಈಗಲೂ ಬಲ್ಬ್ ಇದೆ, ಆದರೂ ಹೀಗಾಯಿತು. ಯಾಕೆ? ರಾತ್ರಿ ಹೊತ್ತು ಕಪ್ಪೆಗಳ ಚಿತ್ರಕ್ಕೆ ಫ್ಲಾಶ್ ಬಳಸುವಾಗ ಎಚ್ಚರವೇನು?
– ತೀರ್ಥಹಳ್ಳಿಯ ಓದುಗರು

ಬಹುಶಃ ಬಲ್ಬ್ ಬದಲಾಗಿದೆ. ಹಳೆಯ ಝೀರೋ ಬಲ್ಬ್ ಹೆಸರಿಗೆ ಸೊನ್ನೆ, ಉರಿಸುತ್ತಿದ್ದದ್ದು ಸುಮಾರು 15 ವಾಟ್. ಅದರಲ್ಲಿ ಹೆಚ್ಚಿನದು ಶಾಖ. ಈಗಿನ ಎಲ್‌ಇಡಿ ಝೀರೋ ಬಲ್ಬ್ ಅರ್ಧ ವಾಟಿನ ಆಸುಪಾಸು. ಬೆಳಕು ಅಷ್ಟೇ ಇದ್ದರೂ ಬಿಸಿ ಇಲ್ಲ. ಬೀರುವನ್ನು ಕಾಪಾಡುತ್ತಿದ್ದದ್ದು ಬಿಸಿ. 22 ಡಿಗ್ರಿಯಲ್ಲಿ ಶೇ 90 ಆರ್ದ್ರತೆ ಇರುವ ಗಾಳಿಯನ್ನು 30 ಡಿಗ್ರಿಗೆ ಬೆಚ್ಚಗಾಗಿಸಿದರೆ ಅದು ಶೇ 56ಕ್ಕೆ ಇಳಿಯುತ್ತದೆ. ಫಂಗಸ್ ಸಾಮಾನ್ಯವಾಗಿ ಬೆಳೆಯುವುದು ಶೇ 65ರ ಮೇಲೆ.

ಮೊದಲು ಎಷ್ಟು ಬಂದಿದೆ ನೋಡಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಪೂರ್ತಿ ತೆರೆದು, ಹಿಂಬದಿಯಿಂದ ಟಾರ್ಚ್ ಓರೆಯಾಗಿ ಬಿಟ್ಟು ಮುಂದಿನಿಂದ ನೋಡಿದರೆ ಜೇಡನ ಎಳೆಯಂಥ ಕವಲುಗಳು ಕಾಣುತ್ತವೆ. ಬಿಸಿಲಿಗಿಟ್ಟರೆ ಹೋಗುತ್ತದೆ ಎನ್ನುವವರಿದ್ದಾರೆ. ಬಿಸಿಲಿಗೆ ಸತ್ತರೂ ಎಳೆಗಳು ಅಲ್ಲೇ ಇರುತ್ತವೆ, ಅವು ಬಿಟ್ಟ ಆಮ್ಲ ಲೇಪನವನ್ನು ಕೊರೆದಿದ್ದರೆ ಆ ಗುರುತು ಶಾಶ್ವತ. ಎಳೆ ಸಣ್ಣದಿರುವಾಗಲೇ ಲೆನ್ಸ್ ಬಿಚ್ಚಬಲ್ಲ ತಂತ್ರಜ್ಞರ ಹತ್ತಿರ ಒಯ್ಯುವುದು ಒಳ್ಳೆಯದು.

ಇಡುವುದಕ್ಕೆ ರಬ್ಬರ್ ಅಂಚಿನ 20 ಲೀಟರ್ ಪ್ಲಾಸ್ಟಿಕ್ ಡಬ್ಬಿ, 250 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್, ಆರ್ದ್ರತೆ ಅಳೆಯುವ ಒಂದು ಚಿಕ್ಕ ಹೈಗ್ರೋಮೀಟರ್ ಸಾಕು. ಅಷ್ಟು ದೊಡ್ಡ ಡಬ್ಬಿಯ ಗಾಳಿಯಲ್ಲಿರುವ ನೀರು ಅರ್ಧ ಗ್ರಾಂ ಕೂಡ ಇಲ್ಲ. ಜೆಲ್ ಬೇಗ ಸೋಲುತ್ತಿದ್ದರೆ ಅಂಚು ಸೋರುತ್ತಿದೆ, ಇಲ್ಲವೇ ಒದ್ದೆ ಚೀಲವನ್ನೂ ಚರ್ಮದ ಪೌಚನ್ನೂ ಒಳಗಿಟ್ಟಿದ್ದೀರಿ ಎಂದು ತಿಳಿಯಿರಿ. ಅವನ್ನು ಹೊರಗಿಡಿ, ನುಸಿಗುಳಿಗೆಯನ್ನು ಹತ್ತಿರವೂ ತರಬೇಡಿ. ಗುರಿ ಶೇ 40ರಿಂದ 50. ಹೈಗ್ರೋಮೀಟರ್ ಸರಿಯಿದೆಯೇ ಎಂದು ನೋಡಲು, ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ, ಎರಡನ್ನೂ ಒಂದೇ ಜಿಪ್ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ಮುಂದೆ ಪ್ರತಿ ಸಲ 5 ಕಳೆಯಿರಿ.

ನೀಲಿ ಜೆಲ್ ಗುಲಾಬಿಯಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ, ಮುಚ್ಚಿದ ಗಾಜಿನ ಬಾಟಲಿಯಲ್ಲಿ ಆರಿಸಿ. ನೀಲಿಯಲ್ಲಿರುವ ಕೋಬಾಲ್ಟ್ ವಿಷಕಾರಿ, ಅಡುಗೆಯ ಪಾತ್ರೆ ಬಳಸಬಾರದು. ಮಕ್ಕಳಿರುವ ಮನೆಗೆ ಕಿತ್ತಳೆ ಬಣ್ಣದ ಜೆಲ್ ವಾಸಿ.

ಫ್ಲಾಶ್‌ನ ಕೆಪಾಸಿಟರಿನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ. ನೆನೆದ ಫ್ಲಾಶನ್ನು ಮನೆಯಲ್ಲಿ ಬಿಚ್ಚಬೇಡಿ. ಬೇರೆ ಪ್ಲಾಸ್ಟಿಕ್ ಕವರ್ ಹಾಕಿ, ಬೆಳಕು ಹೊಮ್ಮುವ ಮುಖಕ್ಕೆ ಮಾತ್ರ ಅದು ತಾಗದಿರಲಿ, ಸತತ ಫ್ಲಾಶ್‌ಗೆ ಕರಗುತ್ತದೆ. ಕ್ಯಾಮೆರಾದ ತಲೆಯ ಮೇಲೆ ಫ್ಲಾಶ್ ಕೂರಿಸುವ ಹಾಟ್ ಶೂ ತೇವವಾದರೆ ತಾನಾಗಿ ಫ್ಲಾಶ್ ಹೊಡೆಯಬಹುದು, ಒರೆಸಿ ಕೂರಿಸಿ.

ಇನ್ನೊಂದು ಮುಖ್ಯ ವಿಷಯ. ಡೀಟ್ ಇರುವ ಸೊಳ್ಳೆ ಮುಲಾಮು ಕ್ಯಾಮೆರಾದ ಪ್ಲಾಸ್ಟಿಕ್ ಮತ್ತು ರಬ್ಬರ್ ಹಿಡಿಯನ್ನು ಕರಗಿಸಿ ಅಂಟಂಟು ಮಾಡುತ್ತದೆ. ಕಪ್ಪೆಯ ಚರ್ಮ ಎಲ್ಲವನ್ನೂ ಹೀರುವುದರಿಂದ ಮುಲಾಮಿನ ಕೈ ಅದಕ್ಕೂ ಅಪಾಯ. ಉಂಬಳಕ್ಕೆ ಮೊಣಕಾಲಿನವರೆಗಿನ ಬಿಗಿ ನೇಯ್ಗೆಯ ಕಾಲುಚೀಲ, ಸೊಳ್ಳೆಗೆ ತುಂಬುತೋಳಿನ ಅಂಗಿ ಹಾಕಿಕೊಂಡು ಅಂಗೈಯನ್ನು ಶುದ್ಧವಾಗಿಟ್ಟುಕೊಳ್ಳಿ.